ಬಾಲ್ ಎಲ್ಲಿ ನಿಂತಿತು? ಪೇಂಟ್‌ಬಾಲ್ ಮಾರ್ಕರ್‌ನ ಫೀಡ್ ತೊಂದರೆಗಳಿಗೆ ಕೈಪಿಡಿ

ಬೆಂಗಳೂರಿಂದ ರಜೆಗೆ ಬಂದಿದ್ದ ನನ್ನ ಭಾಮೈದನನ್ನು ಒಂದು ಶನಿವಾರ ಇಲ್ಲಿ ಪೆನ್ಸಿಲ್ವೇನಿಯಾದ ಪೇಂಟ್‌ಬಾಲ್ ಮೈದಾನಕ್ಕೆ ಕರೆದುಕೊಂಡು ಹೋಗಿದ್ದೆ. ಬಣ್ಣ ತುಂಬಿದ ಬಾಲ್‌ಗಳನ್ನು ಗಾಳಿಯ ಒತ್ತಡದಿಂದ ಹೊಡೆಯುವ ಗನ್‌ಗೆ ಮಾರ್ಕರ್ ಅನ್ನುತ್ತಾರೆ. ಮ್ಯಾಗಜಿನ್ (ಬಾಲ್‌ಗಳನ್ನು ಸ್ಪ್ರಿಂಗ್‌ನಿಂದ ಮೇಲಕ್ಕೆ ತಳ್ಳುವ ಡಬ್ಬಿ) ಹಾಕಿ ಆಡುವ ನನ್ನ ಹಳೇ ಮಾರ್ಕರ್ ಅವನ ಕೈಗೆ ಕೊಟ್ಟೆ. ಹತ್ತು ನಿಮಿಷಕ್ಕೆ ವಾಪಸ್. "ಭಾವ, ಇದು ಕೆಟ್ಟೋಗಿದೆ. ಬರೀ ಗಾಳಿ ಹೊಡೀತಿದೆ."

ಮ್ಯಾಗಜಿನ್ ತೆಗೆದು ನೋಡಿದೆ. ಬಾಯಿಯಿಂದ ಎರಡು ಬೆರಳು ಕೆಳಗೆ ಒಂದು ಬಾಲ್ ಊದಿಕೊಂಡು ಗೋಡೆಗೆ ಕಚ್ಚಿಕೊಂಡಿತ್ತು. ಅದರ ಹಿಂದೆ ಹದಿನೈದು ಬಾಲ್‌ಗಳು ಟ್ರಾಫಿಕ್ ಜಾಮ್‌ನಲ್ಲಿ ಸಿಕ್ಕಿದ ಹಾಗೆ ನಿಂತಿದ್ದವು. ಅದೊಂದನ್ನು ಕಿತ್ತು ಬಿಸಾಕಿದೆ, ರಿಪೇರಿ ಮುಗಿಯಿತು. ಮಾರ್ಕರ್‌ನಲ್ಲಿ ಏನೂ ಆಗಿರಲಿಲ್ಲ.

ನಾನು ನೋಡಿದ ತೊಂದರೆಗಳಲ್ಲಿ ಜಾಸ್ತಿ ಪಾಲು ಹೀಗೇ ಇರುತ್ತವೆ. ಬಾಲ್ ತುಂಬಿಟ್ಟ ಜಾಗದಿಂದ ಚೇಂಬರ್‌ವರೆಗಿನ (ಹೊಡೆಯುವ ಮೊದಲು ಬಾಲ್ ಬಂದು ಕೂರುವ ಗೂಡು) ದಾರಿಯಲ್ಲಿ, ಅಂದರೆ ಫೀಡ್‌ನಲ್ಲಿ, ಎಲ್ಲೋ ಅಡಚಣೆ ಇರುತ್ತದೆ, ಬೈಗುಳ ಮಾತ್ರ ಮಾರ್ಕರ್‌ಗೆ. ಅದಕ್ಕೇ ನಾನು ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಬಾಲ್ ಎಲ್ಲಿ ನಿಂತಿತು? ಒಡೆದಿದ್ದರೆ, ಎಲ್ಲಿ ಒಡೆಯಿತು?

ಮಾರ್ಕರ್‌ನ ತಲೆ ಮೇಲೆ ಕೂರುವ ಬಾಲ್ ಡಬ್ಬಿ, ಅಂದರೆ ಹಾಪರ್‌ನಿಂದ ಬಾಲ್ ಸುಮ್ನೆ ಕೆಳಗೆ ಬೀಳುವ ಮಾಮೂಲಿ ವ್ಯವಸ್ಥೆ ಎಲ್ಲರಿಗೂ ಗೊತ್ತು. ಇಲ್ಲಿ ಅದಕ್ಕಿಂತ ಬೇರೆ ದಾರಿಗಳ ಬಗ್ಗೆ ಜಾಸ್ತಿ ಬರೆದಿದ್ದೇನೆ: ಸ್ಪ್ರಿಂಗ್ ಮ್ಯಾಗಜಿನ್, ಮೋಟಾರು ಇರುವ ಹಾಪರ್, ಟಿಪ್‌ಮನ್ ಮಾರ್ಕರ್‌ಗಳ ಸೈಕ್ಲೋನ್ ಫೀಡ್, ಕೊಳವೆಯಲ್ಲಿ ಬಾಲ್ ತಳ್ಳುವ ಕ್ಯೂ-ಲೋಡರ್ ಮತ್ತು ವಾರ್ಪ್ ಫೀಡ್, ಮತ್ತೆ ಹಳೇ ಕಾಲದ ಹತ್ತು ಬಾಲ್‌ಗಳ ಟ್ಯೂಬ್.

ಕೈ ಹಾಕುವ ಮೊದಲು

ಮೈದಾನದಲ್ಲಿ ಮಾರ್ಕರ್ ಕೈಕೊಟ್ಟರೆ ಅಲ್ಲೇ ಮರದ ಹಿಂದೆ ಕೂತು ಮಾಸ್ಕ್ ಎತ್ತಿ ನೋಡಬೇಡಿ. ಇಷ್ಟೆಲ್ಲ ಬರೆಯುವುದರಲ್ಲಿ ಇದೊಂದನ್ನು ನೆನಪಿಟ್ಟುಕೊಂಡರೂ ಸಾಕು. ಮಾಸ್ಕ್ ಮುಖದ ಮೇಲೇ ಇರಲಿ. ಬ್ಯಾರೆಲ್‌ಗೆ (ಬಾಲ್ ಹೊರಬರುವ ನಳಿಗೆ) ಕವರ್ ಹಾಕಿ, ಬಲೆ ಕಟ್ಟಿದ ಸುರಕ್ಷಿತ ಜಾಗಕ್ಕೆ ಬನ್ನಿ.

ಬಿಚ್ಚುವ ಕ್ರಮ ಹೀಗೆ. ಮೊದಲು ಮ್ಯಾಗಜಿನ್, ಹಾಪರ್ ಅಥವಾ ಪಾಡ್ (ಕ್ಯೂ-ಲೋಡರ್‌ನ ಬಾಲ್ ಡಬ್ಬಿ) ತೆಗೆಯಿರಿ. ಆಮೇಲೆ ಮೈದಾನದವರು ತೋರಿಸಿದ ಜಾಗದಲ್ಲಿ, ಯಾರೂ ಇಲ್ಲದ ಕಡೆಗೆ ಎರಡು ಮೂರು ಸಲ ಹೊಡೆಯಿರಿ. ಮ್ಯಾಗಜಿನ್ ತೆಗೆದರೂ ಚೇಂಬರ್‌ನಲ್ಲಿ ಒಂದು ಬಾಲ್ ಉಳಿದಿರಬಹುದು ಅಲ್ವಾ? ಅದಕ್ಕೆ. ನಂತರ ಏರ್ ಟ್ಯಾಂಕ್ ತೆಗೆದು ಇನ್ನೊಮ್ಮೆ ಹೊಡೆಯಿರಿ, ಒಳಗೆ ಉಳಿದ ಗಾಳಿ ಹೋಗಲಿ. 12 ಗ್ರಾಂನ ಸಿಒ2 ಕ್ಯಾಪ್ಸೂಲ್ ಹಾಕುವ ಮಾರ್ಕರ್ ಆದರೆ ಗ್ಯಾಸ್ ಪೂರ್ತಿ ಖಾಲಿಯಾಗುವ ತನಕ ಅದರ ಮುಚ್ಚಳ ತಿರುಗಿಸಬಾರದು. ಬ್ಯಾರೆಲ್ ಒಳಗೆ ನೋಡಬೇಕಾದರೆ ಬ್ಯಾರೆಲ್ ಬಿಚ್ಚಿ, ಬೆಳಕಿಗೆ ಹಿಡಿದು ನೋಡಿ. ಮಾರ್ಕರ್‌ಗೆ ಸೇರಿಕೊಂಡಿರುವ ಬ್ಯಾರೆಲ್‌ನ ಬಾಯಿಗೆ ಕಣ್ಣು ಇಡುವುದು ಯಾವ ಕಾರಣಕ್ಕೂ ಬೇಡ.

ಯಾವ ತೊಂದರೆ ಆದರೂ ಮೊದಲು ಬಾಲ್ ನೋಡಿ

ಇದಕ್ಕೆ ಒಂದು ಪೈಸೆಯೂ ಖರ್ಚಿಲ್ಲ, ಆದರೂ ಯಾರೂ ಮಾಡುವುದಿಲ್ಲ. ಸಾಮಾನ್ಯ ಪೇಂಟ್‌ಬಾಲ್ 0.68 ಇಂಚು, ಅಂದರೆ ಸುಮಾರು 17.3 ಮಿ.ಮೀ. ದಪ್ಪ. ನಾವು ಆಡುತ್ತಿದ್ದ ಗೋಲಿಯಷ್ಟು ಅಂದುಕೊಳ್ಳಿ. ಆದರೆ ಇದು ಗಾಜಲ್ಲ. ಮೀನೆಣ್ಣೆ ಮಾತ್ರೆಯ ಹಾಗೆ ಜಿಲೆಟಿನ್ ಸಿಪ್ಪೆ. ಜಿಲೆಟಿನ್ ಗಾಳಿಯ ತೇವ ಹೀರಿ ಊದಿಕೊಳ್ಳುತ್ತದೆ, ಮೆತ್ತಗಾಗುತ್ತದೆ, ಪಕ್ಕದ ಬಾಲ್‌ಗೆ ಅಂಟಿಕೊಳ್ಳುತ್ತದೆ. ಚಳಿಯಲ್ಲಿ ಬಿರುಸಾಗಿ ಬೇಗ ಒಡೆಯುತ್ತದೆ. ಒಂದೇ ಕಡೆ ಒತ್ತಡ ಬಿದ್ದರೆ ತಗ್ಗು ಬೀಳುತ್ತದೆ.

ಹತ್ತು ಬಾಲ್ ತೆಗೆದು ಸಮತಟ್ಟಾದ ಮೇಜಿನ ಮೇಲೆ ಉರುಳಿಸಿ. ನೇರವಾಗಿ ಹೋದರೆ ಸರಿ. ಕುಂಟುತ್ತಾ, ವಾಲುತ್ತಾ ಹೋದರೆ ಆಕಾರ ಕೆಟ್ಟಿದೆ. ಮುಟ್ಟಿದರೆ ಜಿಡ್ಡು ಹತ್ತಿದರೆ ಆ ಚೀಲದಲ್ಲಿ ಎಲ್ಲೋ ಒಂದು ಬಾಲ್ ಆಗಲೇ ಒಡೆದಿದೆ.

ಇನ್ನೊಂದು ಪರೀಕ್ಷೆ: ಬ್ಯಾರೆಲ್ ಬಿಚ್ಚಿ, ಹಿಂದಿನ ತುದಿಯಿಂದ ಒಂದು ಬಾಲ್ ಹಾಕಿ. ಅದು ಅಲ್ಲೇ ನಿಲ್ಲಬೇಕು, ಬಾಯಲ್ಲಿ ಊದಿದರೆ ಹೊರಗೆ ಬರಬೇಕು. ತಾನಾಗಿಯೇ ಉರುಳಿ ಬಿದ್ದರೆ ಬಾಲ್ ಸಣ್ಣದು. ಊದಿದರೂ ಅಲ್ಲಾಡದಿದ್ದರೆ ದಪ್ಪ. ಈ ಸಣ್ಣ-ದಪ್ಪದ ವಿಷಯ ಮುಂದೆ ಮತ್ತೆ ಬರುತ್ತದೆ.

ಮಂಗಳೂರು, ಉಡುಪಿ ಕಡೆಯವರಿಗೆ ಉಪ್ಪಿನ ಡಬ್ಬಿ ಮಳೆಗಾಲದಲ್ಲಿ ಏನಾಗುತ್ತದೆ ಅಂತ ಗೊತ್ತು. ಬಾಲ್ ಚೀಲಕ್ಕೂ ಅದೇ ಗತಿ. ಬಿಗಿ ಮುಚ್ಚಳದ ಡಬ್ಬಿಯಲ್ಲಿ, ತಂಪಾದ ಒಣ ಜಾಗದಲ್ಲಿ ಇಡಿ. ಫ್ರಿಜ್ ಬೇಡ. ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಂತೂ ಬೇಡವೇ ಬೇಡ.

ಟಪ್ ಅಂತ ಶಬ್ದ, ಬಾಲ್ ಮಾತ್ರ ಇಲ್ಲ (ಮ್ಯಾಗಜಿನ್ ಮಾರ್ಕರ್)

ಗಾಳಿ ಬರುತ್ತಿದೆ, ಬೋಲ್ಟ್ (ಚೇಂಬರ್‌ನಲ್ಲಿರುವ ಬಾಲನ್ನು ಬ್ಯಾರೆಲ್‌ಗೆ ತಳ್ಳುವ ತುಂಡು) ಓಡುತ್ತಿದೆ, ಬಾಲ್ ಮೇಲೆ ಬರುತ್ತಿಲ್ಲ. ಮ್ಯಾಗಜಿನ್ ತೆಗೆದು ಬಾಯಿ ನೋಡಿ. ಎರಡೇ ಸಾಧ್ಯತೆ.

ಬಾಯಿಯಲ್ಲಿ ಬಾಲ್ ಕಾಣುತ್ತಿದ್ದರೆ ಮ್ಯಾಗಜಿನ್ ತನ್ನ ಕೆಲಸ ಮಾಡಿದೆ. ಅದು ಪೂರ್ತಿ ಮೇಲೆ ಕೂತಿರಲಿಲ್ಲ ಅಷ್ಟೇ. ಮತ್ತೆ ಹಾಕಿ, ಕೆಳಗಿನಿಂದ ಅಂಗೈಯಲ್ಲಿ ಒಂದು ಏಟು ಕೊಡಿ, ಕ್ಲಿಕ್ ಕೇಳಿಸಬೇಕು. ಕೆಳಕ್ಕೆ ಎಳೆದು ನೋಡಿ, ಅಲ್ಲಾಡಬಾರದು. ಪದೇ ಪದೇ ಜಾರುತ್ತಿದ್ದರೆ ಮ್ಯಾಗಜಿನ್ ಹಿಡಿಯುವ ಕೊಂಡಿ ಅಥವಾ ಅದು ಕೂರುವ ಪ್ಲಾಸ್ಟಿಕ್ ಕಚ್ಚು ಸವೆದಿದೆ. ಬೇರೆ ಮ್ಯಾಗಜಿನ್ ಹಾಕಿ ನೋಡಿ. ಅದು ಸರಿಯಾಗಿ ಕೂತರೆ ತಪ್ಪು ಮೊದಲನೆಯದರಲ್ಲಿ. ಎಲ್ಲವೂ ಜಾರಿದರೆ ಕೊಂಡಿಯದ್ದು.

ಬಾಯಿಯಲ್ಲಿ ಬಾಲ್ ಇಲ್ಲ, ಒಳಗಡೆ ಇದೆ. ಹಾಗಾದರೆ ದಾರಿ ಕಟ್ಟಿದೆ, ಇಲ್ಲವೇ ಸ್ಪ್ರಿಂಗ್‌ಗೆ ಶಕ್ತಿ ಇಲ್ಲ. ಎಲ್ಲ ಬಾಲ್ ಹೊರಗೆ ಸುರಿಯಿರಿ. ಬಾಲ್ ತಳ್ಳುವ ಪ್ಲಾಸ್ಟಿಕ್ ತುಂಡನ್ನು ಬೆರಳಲ್ಲಿ ಕೆಳಗೆ ಒತ್ತಿ ಬಿಡಿ. ಸರಕ್ಕನೆ ಮೇಲೆ ಬಂದರೆ ಸ್ಪ್ರಿಂಗ್ ಚೆನ್ನಾಗಿದೆ, ಬಾಲ್‌ನದೇ ತಪ್ಪು. ನಡುವೆ ತಡೆದು ತಡೆದು ಬಂದರೆ ಒಳಗೆ ಒಣಗಿದ ಬಣ್ಣ ಅಥವಾ ಮರಳು ಇದೆ. ಉಗುರು ಬೆಚ್ಚಗಿನ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಒಳಗಿನ ಬಣ್ಣ ನೀರಲ್ಲಿ ಕರಗುವಂಥದ್ದು, ಸೋಪು ಉಜ್ಜುವ ಅಗತ್ಯವಿಲ್ಲ. ತೊಳೆದ ಮೇಲೂ ಸೋಮಾರಿಯಾಗಿಯೇ ಬಂದರೆ ಸ್ಪ್ರಿಂಗ್ ಬದಲಿಸಿ. ಹಳೇ ಸ್ಪ್ರಿಂಗನ್ನು ಕೈಯಲ್ಲಿ ಎಳೆದು ಉದ್ದ ಮಾಡುವವರನ್ನು ನೋಡಿದ್ದೇನೆ. ಒಂದು ದಿನ ನಡೆಯುತ್ತದೆ, ಮಾರನೇ ವಾರ ಮತ್ತೆ ಅದೇ ಗೋಳು.

ಹೊಸಬರು ಮಾಡುವ ತಪ್ಪು ಇನ್ನೊಂದಿದೆ. ಶುಕ್ರವಾರ ರಾತ್ರಿಯೇ ಎಲ್ಲ ಮ್ಯಾಗಜಿನ್ ತುಂಬಿಸಿ ಇಟ್ಟುಬಿಡುತ್ತಾರೆ. ರಾತ್ರಿಯಿಡೀ ಸ್ಪ್ರಿಂಗ್ ಒತ್ತಿ ಒತ್ತಿ ಬಾಲ್‌ಗಳಿಗೆ ತಗ್ಗು ಬೀಳುತ್ತದೆ. ಬೆಳಿಗ್ಗೆ ಮೈದಾನದಲ್ಲೇ ತುಂಬಿಸಿ. 20 ಹಿಡಿಯುವ ಮ್ಯಾಗಜಿನ್‌ಗೆ 18 ಅಥವಾ 19 ಹಾಕಿ ನೋಡಿ. ಕಂಠಪೂರ್ತಿ ತುಂಬಿದಾಗ ಮೊದಲ ಬಾಲ್ ಮೇಲೆ ಬೀಳುವ ಒತ್ತಡ ತುಂಬಾ ಜಾಸ್ತಿ. ಇದೊಂದರಿಂದಲೇ ಎಷ್ಟೋ ಸಲ ತೊಂದರೆ ಹೋಗುತ್ತದೆ.

ಫಸ್ಟ್ ಸ್ಟ್ರೈಕ್ ಬಾಲ್, ಅಂದರೆ ಹಿಂದೆ ರೆಕ್ಕೆಯಂಥ ಗೀರುಗಳಿರುವ ಉದ್ದನೆಯದು, ಹಾಕುತ್ತಿದ್ದರೆ ದುಂಡು ಮೂತಿ ಮುಂದಕ್ಕೆ ಇರಬೇಕು. ಒಂದು ತಿರುಗಿ ಕೂತರೂ ಸಾಲು ನಿಂತುಬಿಡುತ್ತದೆ. ಎಲ್ಲ ಮ್ಯಾಗಜಿನ್‌ಗಳೂ ಇದಕ್ಕೆ ಆಗುವುದಿಲ್ಲ. ನಿಮ್ಮದು ಒಪ್ಪುತ್ತದೆಯೇ ಅಂತ ಕೈಪಿಡಿ ನೋಡಿ, ಬಲವಂತವಾಗಿ ತುರುಕಬೇಡಿ.

ನಿಧಾನ ಹೊಡೆದರೆ ಸರಿ, ಜೋರಾಗಿ ಹೊಡೆದರೆ ಒಳಗೇ ಒಡೆಯುತ್ತದೆ

ಬ್ಯಾರೆಲ್ ಬಿಚ್ಚಿ. ಬಣ್ಣ ಎಲ್ಲಿದೆ? ಇದು ಮುಖ್ಯ. ಚೇಂಬರ್‌ನಲ್ಲಿ, ಬೋಲ್ಟ್‌ನ ಮೂತಿಗೆ ಬಣ್ಣ ಮೆತ್ತಿಕೊಂಡು ಅರ್ಧ ಕತ್ತರಿಸಿದ ಸಿಪ್ಪೆ ಸಿಕ್ಕರೆ ಬೋಲ್ಟ್ ಬಾಲನ್ನು ಕಚ್ಚಿದೆ. ಆಟಗಾರರು ಇದಕ್ಕೆ ಚಾಪ್ ಅನ್ನುತ್ತಾರೆ. ಬಾಲ್ ಪೂರ್ತಿ ಒಳಗೆ ಇಳಿಯುವ ಮೊದಲೇ ಬೋಲ್ಟ್ ಮುಂದಕ್ಕೆ ಬಂದಿದೆ ಅಂತ ಅರ್ಥ. ಚೇಂಬರ್ ಶುಭ್ರವಾಗಿದ್ದು ಬ್ಯಾರೆಲ್ ಒಳಗೆ ಮಾತ್ರ ಬಣ್ಣ ಇದ್ದರೆ ಅದು ಫೀಡ್ ತೊಂದರೆ ಅಲ್ಲದೇ ಇರಬಹುದು. ಬಾಲ್ ಬಿರುಸಾಗಿದೆ, ದಪ್ಪವಾಗಿದೆ, ಅಥವಾ ವೇಗ ಜಾಸ್ತಿ ಇಟ್ಟಿದ್ದೀರಿ. ಬಾಲ್‌ನ ವೇಗ ಅಳೆಯುವ ಕ್ರೋನೋಗ್ರಾಫ್‌ನಲ್ಲಿ ನೋಡಿ. ಸೆಕೆಂಡಿಗೆ 300 ಅಡಿ, ಅಂದರೆ ಸುಮಾರು 91 ಮೀಟರ್, ಸಾಮಾನ್ಯವಾಗಿ ಮೇಲಿನ ಮಿತಿ. ಎಷ್ಟೋ ಮೈದಾನಗಳು 280ಕ್ಕೇ ನಿಲ್ಲಿಸುತ್ತವೆ.

ಚಾಪ್ ಯಾಕೆ ಆಗುತ್ತದೆ ಅನ್ನುವುದಕ್ಕೆ ಚಿಕ್ಕ ಲೆಕ್ಕ. 17.3 ಮಿ.ಮೀ.ನ ಒಂದು ಬಾಲ್ ಬರೀ ತನ್ನ ಭಾರದಿಂದ ತನ್ನಷ್ಟೇ ದೂರ ಇಳಿಯಲು ಸುಮಾರು 60 ಮಿಲಿಸೆಕೆಂಡ್ ಬೇಕು. ಹಾಗೆ ನೋಡಿದರೆ ಸೆಕೆಂಡಿಗೆ ಹದಿನಾರು ಬಾಲ್ ಇಳಿಯಬಹುದು. ಆದರೆ ಬೋಲ್ಟ್ ಹಿಂದೆ ಸರಿದು ಬಾಗಿಲು ತೆರೆದಿರುವುದು ಆ ಸಮಯದ ಒಂದು ಭಾಗ ಮಾತ್ರ. ಮೇಲೆ ಹಾಪರ್‌ನಲ್ಲಿ ಬಾಲ್‌ಗಳು ಒಂದಕ್ಕೊಂದು ತಡೆದು ಕಮಾನು ಕಟ್ಟುತ್ತವೆ. ಹಾಗಾಗಿ ಸುಮ್ನೆ ಬೀಳುವ ಹಾಪರ್‌ನಿಂದ ನಿಜವಾಗಿ ಸಿಗುವುದು ಇದರ ಅರ್ಧದ ಆಸುಪಾಸು. ನಿಮ್ಮ ಬೆರಳು ಅದಕ್ಕಿಂತ ವೇಗವಾಗಿ ಓಡಿದರೆ ಬೋಲ್ಟ್‌ಗೆ ಅರ್ಧ ಬಾಲ್ ಸಿಗುತ್ತದೆ.

ಹಾಗಾದರೆ ಮೊದಲ ಮದ್ದು ಖರ್ಚಿಲ್ಲದ್ದು, ನಿಧಾನ ಹೊಡೆಯಿರಿ. ಎರಡನೆಯದು, ಹಾಪರ್ ಮುಕ್ಕಾಲು ಮಾತ್ರ ತುಂಬಿಸಿ, ಹೊಡೆಯುವಾಗ ಒಮ್ಮೆ ಅಲ್ಲಾಡಿಸಿ. ಅದೂ ಸಾಲದಿದ್ದರೆ ಮೋಟಾರು ಹಾಪರ್ ಬಗ್ಗೆ ಯೋಚಿಸಿ. ಎಲೆಕ್ಟ್ರಾನಿಕ್ ಮಾರ್ಕರ್‌ಗಳಲ್ಲಿ ಬಾಲ್ ಪೂರ್ತಿ ಬಂದಿದೆಯೇ ಅಂತ ನೋಡುವ ಸೆನ್ಸರ್ ಕಣ್ಣುಗಳಿರುತ್ತವೆ. ಬಾಲ್ ಕಾಣುವ ತನಕ ಅವು ಹೊಡೆಯಲು ಬಿಡುವುದಿಲ್ಲ. ಇಂಥ ಮಾರ್ಕರ್ ಇದ್ದಕ್ಕಿದ್ದಂತೆ ನಿಧಾನವಾದರೆ, ಅಥವಾ ಕಣ್ಣು ಆನ್ ಇದ್ದರೂ ಚಾಪ್ ಮಾಡಿದರೆ, ಕಣ್ಣಿಗೆ ಬಣ್ಣ ಮೆತ್ತಿದೆ. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಸ್ವಲ್ಪ ಒದ್ದೆ ಮಾಡಿ ಒರೆಸಿ. ಕಣ್ಣು ಆಫ್ ಮಾಡಿ ಆಡುವುದು ಪರಿಹಾರ ಅಲ್ಲ.

ಒಂದೇ ಸಲಕ್ಕೆ ಎರಡು ಬಾಲ್, ಅಥವಾ ಬ್ಯಾರೆಲ್‌ನಿಂದ ತಾನಾಗಿ ಉರುಳುತ್ತದೆ

ಚೇಂಬರ್ ಪಕ್ಕದಲ್ಲಿ ಡಿಟೆಂಟ್ ಅಂತ ಒಂದು ಚಿಕ್ಕ ರಬ್ಬರ್ ಅಥವಾ ಸ್ಪ್ರಿಂಗ್ ತುಂಡು ಇರುತ್ತದೆ. ಬೋಲ್ಟ್ ತಳ್ಳುವ ತನಕ ಬಾಲನ್ನು ಹಿಡಿದು ನಿಲ್ಲಿಸುವುದೇ ಅದರ ಕೆಲಸ. ಅದು ಸವೆದರೆ ಒಂದು ಬಾಲ್ ಮುಂದೆ ಜಾರುತ್ತದೆ, ಹಿಂದೆ ಇನ್ನೊಂದು ಬಂದು ಕೂರುತ್ತದೆ. ಸ್ಪ್ರಿಂಗ್ ಅಥವಾ ಮೋಟಾರಿನಿಂದ ಒತ್ತಿ ತಳ್ಳುವ ವ್ಯವಸ್ಥೆಗಳಲ್ಲಿ ಇದು ಬೇಗ ಗೊತ್ತಾಗುತ್ತದೆ, ಹಿಂದಿನಿಂದ ಒತ್ತಡ ಇದ್ದೇ ಇರುತ್ತದಲ್ಲ.

ಆದರೆ ಡಿಟೆಂಟ್ ಕೊಳ್ಳುವ ಮೊದಲು ಆ ಊದುವ ಪರೀಕ್ಷೆ ನೆನಪಿಸಿಕೊಳ್ಳಿ. ಬಾಲ್ ತೀರಾ ಸಣ್ಣದಾದರೆ ಹೊಸ ಡಿಟೆಂಟ್ ಕೂಡ ಹಿಡಿಯಲಾರದು. ಬಾಲ್ ಸರಿ ಇದ್ದರೆ ಮಾತ್ರ ಡಿಟೆಂಟ್ ತೆಗೆದು ನೋಡಿ. ಹರಿದಿದ್ದರೆ, ಚಪ್ಪಟೆಯಾಗಿದ್ದರೆ ಬದಲಿಸಿ. ಅಗ್ಗದ ವಸ್ತು. ಒಂದು ಜೊತೆ ಚೀಲದಲ್ಲಿ ಇಟ್ಟುಕೊಂಡಿರುವುದು ಒಳ್ಳೆಯದು.

ಸೈಕ್ಲೋನ್ ಫೀಡ್ ನಡುನಡುವೆ ಬಾಲ್ ಬಿಡುತ್ತದೆ

ಟಿಪ್‌ಮನ್ ಎ-5ರಂಥ ಮಾರ್ಕರ್‌ಗಳಲ್ಲಿ ಬರುವ ಈ ವ್ಯವಸ್ಥೆ ನನಗೆ ಬಹಳ ಇಷ್ಟ. ಬ್ಯಾಟರಿ ಬೇಡ, ಮೋಟಾರು ಬೇಡ. ಪ್ರತಿ ಸಲ ಹೊಡೆದಾಗ ಸ್ವಲ್ಪ ಗ್ಯಾಸ್ ಪಕ್ಕದ ಕೊಳವೆಯಲ್ಲಿ ಹೋಗಿ ಚಿಕ್ಕ ಪಿಸ್ಟನ್ ತಳ್ಳುತ್ತದೆ. ಪಿಸ್ಟನ್ ಒಂದು ಹಲ್ಲುಚಕ್ರವನ್ನು ಒಂದು ಹೆಜ್ಜೆ ತಿರುಗಿಸುತ್ತದೆ, ಚಕ್ರದ ರೆಕ್ಕೆ ಒಂದು ಬಾಲನ್ನು ಒಳಗೆ ನೂಕುತ್ತದೆ. ಸ್ಪ್ರಿಂಗ್ ಪಿಸ್ಟನ್ನನ್ನು ವಾಪಸ್ ತರುತ್ತದೆ. ಮನೆಯ ಬಾವಿ ರಾಟೆಯಷ್ಟೇ ಸರಳ.

ಇದರಲ್ಲಿ ತಪ್ಪು ಹುಡುಕಲು ತಯಾರಕರೇ ಒಂದು ದಾರಿ ಇಟ್ಟಿದ್ದಾರೆ. ಕೈಯಲ್ಲಿ ಒತ್ತಿ ಚಕ್ರ ತಿರುಗಿಸುವ ಗುಂಡಿ ಇದೆ. ಹಾಪರ್ ತೆಗೆದು, ಟ್ಯಾಂಕ್ ತೆಗೆದು, ಅದನ್ನು ಹತ್ತು ಸಲ ಒತ್ತಿ. ಪ್ರತಿ ಒತ್ತಿಗೂ ಚಕ್ರ ಒಂದೊಂದೇ ಹೆಜ್ಜೆ, ಕಟ್ ಕಟ್ ಅಂತ ಮುಂದೆ ಹೋಗಬೇಕು.

ಹೋಗುತ್ತಿದ್ದರೆ ಚಕ್ರ, ಹಲ್ಲು ಎಲ್ಲ ಸರಿ. ತಪ್ಪು ಗ್ಯಾಸ್ ಬರುವ ಕಡೆ. ಮೊದಲು ಟ್ಯಾಂಕ್‌ನಲ್ಲಿ ಗ್ಯಾಸ್ ಎಷ್ಟಿದೆ ನೋಡಿ. ಸಿಒ2 ಬಳಸುವವರು ಚಳಿಯಲ್ಲಿ ಜೋರಾಗಿ ಹೊಡೆದರೆ ಟ್ಯಾಂಕ್ ತಣ್ಣಗಾಗಿ ಒತ್ತಡ ಇಳಿಯುತ್ತದೆ, ಆಗ ಪಿಸ್ಟನ್ ಪೂರ್ತಿ ಓಡುವುದಿಲ್ಲ. ಐದು ನಿಮಿಷ ಬಿಟ್ಟು ಹೊಡೆದಾಗ ಸರಿಯಾದರೆ ಕಾರಣ ಇದೇ. ಅದಲ್ಲವಾದರೆ ಪಕ್ಕದ ಕೊಳವೆಯ ಜೋಡಣೆ ಸಡಿಲವಾಗಿದೆಯೇ, ಕೊಳವೆ ಬಿರುಕು ಬಿಟ್ಟಿದೆಯೇ ನೋಡಿ. ಕೊನೆಗೆ ಪಿಸ್ಟನ್‌ನ ಓ-ರಿಂಗ್, ಅಂದರೆ ಗಾಳಿ ಸೋರದಂತೆ ತಡೆಯುವ ರಬ್ಬರ್ ಬಳೆ. ಒಣಗಿದ್ದರೆ ಪೇಂಟ್‌ಬಾಲ್ ಮಾರ್ಕರ್‌ಗೆಂದೇ ಸಿಗುವ ಎಣ್ಣೆ ಒಂದು ಹನಿ. ಬಾಗಿಲ ಕೀಲಿಗೆ ಹೊಡೆಯುವ ಸ್ಪ್ರೇ ಹಾಕಬೇಡಿ, ಅದು ಓ-ರಿಂಗ್ ಊದಿಸಿ ಹಾಳು ಮಾಡುತ್ತದೆ.

ಕೈಯಲ್ಲಿ ಒತ್ತಿದರೂ ಚಕ್ರ ತಿರುಗದಿದ್ದರೆ, ಅಥವಾ ಒಮ್ಮೆ ತಿರುಗಿ ಇನ್ನೊಮ್ಮೆ ಜಾರಿದರೆ, ಒಳಗೆ ಸಿಪ್ಪೆ ಸಿಕ್ಕಿದೆ ಅಥವಾ ಹಲ್ಲು ಸವೆದಿದೆ. ಮುಚ್ಚಳ ಬಿಚ್ಚಿ ತೊಳೆಯಿರಿ. ಬಿಚ್ಚುವಾಗ ಪ್ರತಿ ಹಂತದ ಫೋಟೋ ತೆಗೆಯಿರಿ. ಒಮ್ಮೆ ಗರ್ವದಿಂದ ಫೋಟೋ ತೆಗೆಯದೆ ಬಿಚ್ಚಿ, ಹಾರಿಹೋದ ಸ್ಪ್ರಿಂಗನ್ನು ಅರ್ಧ ಗಂಟೆ ಕಾರ್ಪೆಟ್ ಮೇಲೆ ತಡಕಿದ್ದೇನೆ.

ಮೋಟಾರು ಹಾಪರ್ ಗುಯ್‌ಗುಡುತ್ತದೆ, ಬಾಲ್ ಇಳಿಯುವುದಿಲ್ಲ

ಬ್ಯಾಟರಿ ಬದಲಿಸಿ. ನಿಜವಾಗಿ, ಮೊದಲು ಅದನ್ನೇ ಮಾಡಿ. ದೀಪ ಉರಿಯುವಷ್ಟು ಚಾರ್ಜ್ ಇದ್ದರೂ ಬಾಲ್ ತಳ್ಳುವಷ್ಟು ಇರದೇ ಇರಬಹುದು. ಹೊಸ ಬ್ಯಾಟರಿಯಲ್ಲೂ ಹಾಗೇ ಆದರೆ ಫೀಡ್ ನೆಕ್ಕಿನ (ಹಾಪರ್ ಮಾರ್ಕರ್‌ಗೆ ಸೇರುವ ಕುತ್ತಿಗೆ) ಹತ್ತಿರ ಒಡೆದ ಬಾಲ್ ಇದೆಯೇ ನೋಡಿ. ತಳದ ಚಕ್ರವನ್ನು ಕೈಯಲ್ಲಿ ಹಿಂದಕ್ಕೆ ತಿರುಗಿಸಿದರೆ ಸಿಕ್ಕಿಕೊಂಡದ್ದು ಸಡಿಲವಾಗುತ್ತದೆ. ತೊಳೆಯುವಾಗ ಬ್ಯಾಟರಿ ಮತ್ತು ಸರ್ಕ್ಯೂಟ್ ಇರುವ ಭಾಗ ನೀರಿಗೆ ಇಳಿಸದೆ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಕೊಳವೆಯಲ್ಲಿ ಬರುವ ಫೀಡ್: ಸಾಲಿನ ನಡುವೆ ಖಾಲಿ ಜಾಗ

ಕ್ಯೂ-ಲೋಡರ್‌ನಲ್ಲಿ ಸ್ಪ್ರಿಂಗ್ ಸುತ್ತಿದ ಪಾಡ್ ಬಾಲ್‌ಗಳನ್ನು ಕೊಳವೆಯಲ್ಲಿ ತಳ್ಳುತ್ತದೆ. ಏರ್‌ಗನ್ ಡಿಸೈನ್ಸ್‌ನ ವಾರ್ಪ್ ಫೀಡ್‌ನಲ್ಲಿ ಮೋಟಾರು ಆ ಕೆಲಸ ಮಾಡುತ್ತದೆ, ಹಾಪರ್ ತಲೆ ಮೇಲಿನಿಂದ ಪಕ್ಕಕ್ಕೆ ಇಳಿಯುತ್ತದೆ. ಎರಡಕ್ಕೂ ಒಂದೇ ನಿಯಮ: ಕೊಳವೆಯ ಉದ್ದಕ್ಕೂ ಬಾಲ್ ಬಾಲ್‌ಗೆ ತಾಗಿರಬೇಕು. ಹಿಂದಿನದು ಮುಂದಿನದನ್ನು ತಳ್ಳಿದರೆ ತಾನೇ ಸಾಲು ಓಡುವುದು?

ಬಾಲ್ ನಿಂತರೆ ಕೊಳವೆಯ ತಿರುವು ನೋಡಿ. ತೀರಾ ಚಿಕ್ಕ ತಿರುವು, ಅಥವಾ ಪಟ್ಟಿ ಬಿಗಿದು ಚಪ್ಪಟೆಯಾದ ಕೊಳವೆ, ಮೊದಲ ಅನುಮಾನ. ಆಮೇಲೆ ಸ್ಪ್ರಿಂಗ್ ಸಾಕಷ್ಟು ಸುತ್ತಿದ್ದೀರಾ ಅಂತ. ಮೊದಲೆಲ್ಲ ಚೆನ್ನಾಗಿ ಬಂದು ಕೊನೆಯ ಹತ್ತಿಪ್ಪತ್ತು ಬಾಲ್‌ಗಳಲ್ಲಿ ಮಾತ್ರ ಸೋತರೆ ಸುತ್ತು ಕಮ್ಮಿಯಾಗಿದೆ. ಪಾಡ್ ಖಾಲಿಯಾದ ಮೇಲೂ ಕೊಳವೆಯಲ್ಲಿ ಕೆಲವು ಬಾಲ್ ಉಳಿಯುವುದು ದೋಷ ಅಲ್ಲ. ತಳ್ಳಲು ಹಿಂದೆ ಯಾರೂ ಇಲ್ಲ ಅಷ್ಟೇ, ಹೊಸ ಪಾಡ್ ಹಾಕಿದಾಗ ಅವೇ ಮೊದಲು ಹೋಗುತ್ತವೆ. ಆದರೆ ಆಟ ಮುಗಿಸಿ ಮಾರ್ಕರ್ ಖಾಲಿ ಅಂದುಕೊಳ್ಳುವವರು ಇದನ್ನು ಮರೆಯಬಾರದು.

ಟ್ಯೂಬ್ ಮಾರ್ಕರ್‌ನಲ್ಲಿ ಬಾಲ್ ಬರುತ್ತಿಲ್ಲ

ಓರೆ ಮಾಡಿದಿರಾ? ಅಡ್ಡಲಾಗಿ ಮಲಗಿರುವ ಹತ್ತು ಬಾಲ್‌ಗಳ ಟ್ಯೂಬ್‌ನಲ್ಲಿ ತಳ್ಳಲು ಏನೂ ಇಲ್ಲ. ಪ್ರತಿ ಸಲವೂ ಮಾರ್ಕರ್‌ನ ಮೂತಿ ಎತ್ತಿಯೋ ಇಳಿಸಿಯೋ ಬಾಲ್ ಉರುಳಿಸಿಕೊಳ್ಳಬೇಕು. 1981ರ ಜೂನ್ 27ರಂದು ನ್ಯೂ ಹ್ಯಾಂಪ್‌ಶೈರ್‌ನ ಹೆನ್ನಿಕರ್‌ನಲ್ಲಿ 12 ಜನ ಆಡಿದ ಮೊದಲ ಆಟವೂ ಹೀಗೇ ಓರೆ ಮಾಡಿಕೊಂಡು ನಡೆದದ್ದು. ಅವರ ಕೈಯಲ್ಲಿದ್ದ ನೆಲ್‌ಸ್ಪಾಟ್ 007 ಮರಗಳಿಗೂ ದನಗಳಿಗೂ ಗುರುತು ಹಾಕಲು ಮಾಡಿದ ಗನ್. ಓರೆ ಮಾಡಿದರೂ ಬರದಿದ್ದರೆ ಟ್ಯೂಬ್ ತೊಳೆಯಿರಿ, ಊದಿದ ಬಾಲ್ ತೆಗೆಯಿರಿ. ಇದರಲ್ಲಿ ಕೆಡಲು ಬೇರೇನೂ ಇಲ್ಲ.

ಇಲ್ಲಿಗೆ ನಿಲ್ಲಿಸಿ, ತಿಳಿದವರಿಗೆ ಕೊಡಿ

ಟ್ಯಾಂಕ್ ಅಥವಾ ರೆಗ್ಯುಲೇಟರ್‌ನಿಂದ (ಗಾಳಿಯ ಒತ್ತಡ ಇಳಿಸಿ ಕೊಡುವ ಭಾಗ) ಗಾಳಿ ಸೋರುತ್ತಿದ್ದರೆ ನೀವು ಬಿಚ್ಚಬೇಡಿ. 3000 ಅಥವಾ 4500 ಪಿಎಸ್‌ಐ ಒತ್ತಡ ಆಟದ ವಸ್ತುವಲ್ಲ. ಟ್ಯಾಂಕ್ ತುಂಬಿಸುವ ಮೂತಿಗೆ ಯಾವ ಎಣ್ಣೆಯನ್ನೂ ಹಚ್ಚಬೇಡಿ. ಅಷ್ಟು ಒತ್ತಡದ ಗಾಳಿಯಲ್ಲಿ ಎಣ್ಣೆ ಹೊತ್ತಿಕೊಳ್ಳಬಹುದು. ಟ್ಯಾಂಕ್ ಮೇಲೆ ಅಚ್ಚಾಗಿರುವ ಪರೀಕ್ಷೆಯ ಅವಧಿ ಮುಗಿದಿದ್ದರೆ, ಅಥವಾ ಅದರ ಮೈಗೆ ಸುತ್ತಿದ ನಾರು ಕಿತ್ತುಬಂದಿದ್ದರೆ, ತುಂಬಿಸಲೇ ಬೇಡಿ. ಟ್ರಿಗರ್ ಮುಟ್ಟದೆ ಮಾರ್ಕರ್ ತಾನಾಗಿ ಹೊಡೆದರೂ, ವೇಗ ಎಷ್ಟು ಇಳಿಸಿದರೂ 300 ದಾಟುತ್ತಿದ್ದರೂ ಆ ದಿನ ಅದನ್ನು ಪಕ್ಕಕ್ಕಿಡಿ.

ಮೈದಾನದ ಟೆಕ್ನಿಶಿಯನ್ ಹತ್ತಿರ ಹೋದಾಗ "ಕೆಟ್ಟಿದೆ" ಅಂತ ಮಾತ್ರ ಹೇಳಿದರೆ ಅವರೂ ಮೊದಲಿಂದ ಶುರು ಮಾಡಬೇಕಾಗುತ್ತದೆ. ಬಾಲ್ ಎಲ್ಲಿ ನಿಂತಿತ್ತು, ಬಣ್ಣ ಚೇಂಬರ್‌ನಲ್ಲಿತ್ತೇ ಬ್ಯಾರೆಲ್‌ನಲ್ಲಿತ್ತೇ, ನಿಧಾನ ಹೊಡೆದಾಗಲೂ ಆಯಿತೇ, ಮ್ಯಾಗಜಿನ್ ಬದಲಿಸಿ ನೋಡಿದಿರಾ, ಇಷ್ಟು ಹೇಳಿ. ಅದೇ ಚೀಲದ ನಾಲ್ಕು ಬಾಲ್ ಮತ್ತು ಒಳಗೆ ಸಿಕ್ಕ ಸಿಪ್ಪೆಯನ್ನೂ ಒಂದು ಕವರ್‌ನಲ್ಲಿ ಹಾಕಿಕೊಂಡು ಹೋಗಿ.